ಬೀಜವು ತಾಯಿಗಿಡದಿಂದ ದೂರ ಸರಿಯುವುದೇಕೆ?

ಬೀಜ ಪ್ರಸರಣದ ಪಾಠವು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಶೀರ್ಷಿಕೆಗಳಲ್ಲಿ ಮುಗಿದುಹೋಗುತ್ತದೆ: ಗಾಳಿಯಿಂದ, ನೀರಿನಿಂದ, ಪ್ರಾಣಿಗಳಿಂದ, ಸಿಡಿಯುವುದರಿಂದ. ವಿದ್ಯಾರ್ಥಿಗಳು ಪ್ರತಿಯೊಂದಕ್ಕೂ ಎರಡೆರಡು ಉದಾಹರಣೆಗಳನ್ನು ಕಂಠಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಬೀಜವು ಹೇಗೆ ಸಾಗುತ್ತದೆ ಎಂಬುದು ಅವರಿಗೆ ತಿಳಿಯುತ್ತದೆ. ಏಕೆ ಸಾಗಬೇಕು ಎಂಬುದು ತಿಳಿಯದೆ ಉಳಿಯುತ್ತದೆ. ನೀರಿನಿಂದ ಪ್ರಸರಣಕ್ಕೆ ತೆಂಗಿನಕಾಯಿ ಎಂದು ಬರೆಯುವ ಅಕ್ಕಲಕೋಟ ತಾಲೂಕಿನ ಮಗುವು ಸಮುದ್ರವನ್ನು ಕಂಡಿರುವುದಿಲ್ಲ. ಆದರೆ ಅದೇ ಮಗುವು ಶಾಲೆಗೆ ಬರುವಾಗ ಲಂಗಕ್ಕೋ ಚಡ್ಡಿಗೋ ಅಂಟಿದ ಉತ್ತರಾಣಿ ಕಾಳುಗಳನ್ನು ತರಗತಿಯ ಬಾಗಿಲಲ್ಲಿ ಕಿತ್ತೆಸೆದಿರುತ್ತದೆ. ಬೀಜ ಪ್ರಸರಣವನ್ನು ಅದು ಆ ಕ್ಷಣದಲ್ಲಿಯೇ ಮಾಡಿ ಮುಗಿಸಿರುತ್ತದೆ. ಪಾಠದೊಡನೆ ಅದರ ಸಂಬಂಧವನ್ನು ಮಾತ್ರ ಕಂಡಿರುವುದಿಲ್ಲ.

ಈ ಪಾಠವನ್ನು ಸೊಲ್ಲಾಪುರ ಸೀಮೆಯ ಹೊಲ, ಬದು, ಹಳ್ಳ, ಮರಡಿಗಳ ಆಧಾರದಿಂದ, 'ಏಕೆ' ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬೋಧಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯ ಕಾರಣ: ತಾಯಿಯ ನೆರಳು

ಗಿಡಕ್ಕೆ ಬೇಕಾದುದು ಬೆಳಕು, ನೀರು, ಮಣ್ಣಿನ ಸಾರ ಮತ್ತು ಬೇರೂರಲು ಸ್ಥಳ. ಬೀಜಗಳೆಲ್ಲವೂ ತಾಯಿಗಿಡದ ಬುಡದಲ್ಲಿಯೇ ಬಿದ್ದರೆ ಅವು ಈ ನಾಲ್ಕಕ್ಕೂ ತಮ್ಮತಮ್ಮೊಳಗೆ ಸ್ಪರ್ಧಿಸಬೇಕಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಆಗಲೇ ಬೇರು ಬಿಟ್ಟು ನಿಂತಿರುವ ತಾಯಿಯೊಡನೆ ಸ್ಪರ್ಧಿಸಬೇಕಾಗುತ್ತದೆ. ಬೇವಿನ ಮರದ ಕೆಳಗೆ ಮಳೆಗಾಲದ ಆರಂಭದಲ್ಲಿ ನೂರಾರು ಮೊಳಕೆಗಳು ಏಳುತ್ತವೆ. ದೀಪಾವಳಿಯ ಹೊತ್ತಿಗೆ ಅಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿದ ವಿದ್ಯಾರ್ಥಿಗೆ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಗಣಿತವನ್ನೂ ಜೋಡಿಸಬಹುದು. ಒಂದು ಗಿಡವು 314 ಬೀಜಗಳನ್ನು ಬಿಟ್ಟಿತೆಂದು ಭಾವಿಸೋಣ. ಅವೆಲ್ಲವೂ ಬುಡದಿಂದ 1 ಮೀಟರ್ ತ್ರಿಜ್ಯದೊಳಗೆ ಬಿದ್ದರೆ ಆ ವೃತ್ತದ ಕ್ಷೇತ್ರಫಲವು ಸುಮಾರು 3.14 ಚದರ ಮೀಟರ್. ಅಂದರೆ ಚದರ ಮೀಟರಿಗೆ 100 ಬೀಜಗಳು. ಅವೇ ಬೀಜಗಳು 10 ಮೀಟರ್ ತ್ರಿಜ್ಯದೊಳಗೆ ಸಮನಾಗಿ ಹರಡಿದರೆ ಕ್ಷೇತ್ರಫಲವು 314 ಚದರ ಮೀಟರ್. ಒಂದೊಂದು ಬೀಜಕ್ಕೂ ಒಂದು ಚದರ ಮೀಟರ್ ನೆಲ ದೊರೆಯುತ್ತದೆ. ದೂರವು ಹತ್ತು ಪಟ್ಟಾದರೆ ಸ್ಥಳವು ನೂರು ಪಟ್ಟಾಗುತ್ತದೆ. ಸ್ವಲ್ಪ ದೂರ ಸರಿದರೂ ಬೀಜಕ್ಕೆ ಬಹಳ ಲಾಭವಾಗುವುದು ಈ ಕಾರಣದಿಂದ.

ಎರಡನೆಯ ಕಾರಣ: ತಾಯಿಯ ಬಳಿ ಕಾದಿರುವ ಶತ್ರುಗಳು

ಜಾಲಿಯ ಮರದ ಕೆಳಗೆ ಬಿದ್ದ ಒಣ ಕಾಯಿಗಳನ್ನು ಆರಿಸಿ ನೋಡಿದರೆ ಹಲವು ಬೀಜಗಳಲ್ಲಿ ಸೂಜಿಮೊನೆಯಷ್ಟು ದುಂಡನೆಯ ರಂಧ್ರಗಳು ಕಾಣುತ್ತವೆ. ಬೀಜದೊಳಗಿನ ತಿರುಳನ್ನು ತಿಂದು ಬೆಳೆದ ಸಣ್ಣ ದುಂಬಿ ಹೊರಬಂದ ದಾರಿ ಅದು. ಮನೆಯಲ್ಲಿ ಕೂಡಿಟ್ಟ ಕಡಲೆ, ಹೆಸರು ಕಾಳುಗಳಿಗೆ ಬೀಳುವ ಹುಳುವಿನ ಬಳಗಕ್ಕೇ ಇದೂ ಸೇರಿದ್ದು. ಕಾಳು ಒಂದೆಡೆ ರಾಶಿಯಾಗಿದ್ದಲ್ಲಿ ಹುಳುವಿಗೆ ಹುಡುಕಾಟದ ಶ್ರಮವಿಲ್ಲ. ತಾಯಿಮರದ ಬುಡವೂ ಅಂಥದೇ ಒಂದು ಕಣಜ. ಬೀಜ ತಿನ್ನುವ ಕೀಟ, ಇಲಿ, ಮೊಳಕೆಯನ್ನು ಕೊಳೆಸುವ ಶಿಲೀಂಧ್ರಗಳು ಅಲ್ಲಿ ದಟ್ಟವಾಗಿರುತ್ತವೆ.

ಅಮೆರಿಕದ ಡೇನಿಯಲ್ ಜಾನ್ಜೆನ್ 1970ರಲ್ಲಿಯೂ ಜೋಸೆಫ್ ಕಾನೆಲ್ 1971ರಲ್ಲಿಯೂ ಈ ವಿಚಾರವನ್ನು ಬೇರೆಬೇರೆಯಾಗಿ ಮಂಡಿಸಿದರು. ತಾಯಿಯ ಬಳಿ ಬೀಳುವ ಬೀಜಗಳ ಸಂಖ್ಯೆ ಹೆಚ್ಚು, ಆದರೆ ಅಲ್ಲಿ ಬದುಕುವ ಸಂಭವ ಕಡಿಮೆ. ದೂರ ಹೋಗುವವುಗಳ ಸಂಖ್ಯೆ ಕಡಿಮೆ, ಆದರೆ ಬದುಕುವ ಸಂಭವ ಹೆಚ್ಚು ಎಂಬುದು ಅದರ ಸಾರ. ಉಷ್ಣವಲಯದ ಕಾಡಿನಲ್ಲಿ ಒಂದೇ ಜಾತಿಯ ಮರಗಳು ಗುಂಪುಗೂಡಿ ಬೇರೆಲ್ಲವನ್ನೂ ಹೊರದೂಡದೆ, ನೂರಾರು ಜಾತಿಗಳು ಬೆರೆತು ನಿಲ್ಲಲು ಇದೂ ಒಂದು ಕಾರಣವೆಂದು ಅವರು ವಾದಿಸಿದರು.

ಮೂರನೆಯ ಕಾರಣ: ನಾಳಿನ ನೆಲ, ನಾಳಿನ ಮಳೆ

ತಾಯಿಗಿಡ ನಿಂತಿರುವ ಸ್ಥಳವು ಸದಾ ಒಳ್ಳೆಯದಾಗಿಯೇ ಇರುವುದೆಂಬ ಭರವಸೆಯಿಲ್ಲ. ಹಳ್ಳ ದಂಡೆಯನ್ನು ಕೊರೆಯುತ್ತದೆ, ಬದು ಒಡೆಯುತ್ತದೆ, ಬೀಳುಭೂಮಿ ಉಳುಮೆಗೆ ಬರುತ್ತದೆ. ಬೀಜಗಳನ್ನು ಹಲವೆಡೆ ಚೆಲ್ಲಿದ ಗಿಡದ ಸಂತತಿ ಎಲ್ಲಿಯಾದರೊಂದು ಕಡೆ ಉಳಿಯುತ್ತದೆ.

ಆಲದ ಮರವು ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದೇವಸ್ಥಾನವು ವಟವೃಕ್ಷದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇಷ್ಟು ದೊಡ್ಡದಾಗಿ ಬೆಳೆಯಬಲ್ಲ ಮರದ ಬೀಜವು ಸಾಸಿವೆಗಿಂತ ಚಿಕ್ಕದು. ಆಲದ ದಟ್ಟ ನೆರಳಿನಲ್ಲಿ ಅಷ್ಟು ಚಿಕ್ಕ ಬೀಜದ ಮೊಳಕೆಗೆ ಬಾಳುವ ಅವಕಾಶ ಬಹಳ ಕಡಿಮೆ. ಹಕ್ಕಿಗಳೂ ಬಾವಲಿಗಳೂ ಹಣ್ಣು ತಿಂದು ಬೇರೆಡೆ ಹಿಕ್ಕೆ ಹಾಕಿದಾಗ, ಇನ್ನೊಂದು ಮರದ ಕವಲಿನಲ್ಲಿ, ಹಳೆಯ ಗೋಡೆಯ ಬಿರುಕಿನಲ್ಲಿ ಅದು ಮೊಳೆಯುತ್ತದೆ. ಊರಿನ ಹಳೆಯ ವಾಡೆ, ಕೋಟೆಗೋಡೆ, ಬಾವಿಯ ಕಟ್ಟೆಗಳಲ್ಲಿ ತಲೆಯೆತ್ತಿರುವ ಆಲ, ಅರಳಿ ಸಸಿಗಳನ್ನು ತೋರಿಸಿ, 'ಇದನ್ನು ಇಲ್ಲಿ ನೆಟ್ಟವರಾರು?' ಎಂದು ಕೇಳಬೇಕು.

ಸೊಲ್ಲಾಪುರ ಜಿಲ್ಲೆಯು ಮಳೆನೆರಳಿನ ಪ್ರದೇಶದಲ್ಲಿದೆ. ವರ್ಷದ ಸರಾಸರಿ ಮಳೆ 500ರಿಂದ 600 ಮಿಲಿಮೀಟರಿನೊಳಗೆ; ಅದೂ ಯಾವಾಗ ಬರುವುದು, ಯಾವಾಗ ಕೈಕೊಡುವುದು ಹೇಳಲಾಗದು. 1972ರ ಬರಗಾಲವನ್ನು ಮನೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಇಂತಹ ನೆಲದಲ್ಲಿ ಬೀಜವು ದೂರಕ್ಕೆ ಹೋಗುವುದಷ್ಟೇ ಸಾಲದು, ಕಾಲವನ್ನೂ ದಾಟಬೇಕಾಗುತ್ತದೆ. ಹಳ್ಳದ ದಂಡೆಯಲ್ಲಿ ಬೆಳೆಯುವ, ಮೈತುಂಬ ಕೊಕ್ಕೆಗಳುಳ್ಳ ಮರುಳುಮತ್ತಿಯ ಕಾಯನ್ನು ಒಡೆದರೆ ಒಳಗೆ ಎರಡು ಬೀಜಗಳಿರುತ್ತವೆ. ಒಂದು ಬೇಗ ಮೊಳೆಯುವುದು. ಇನ್ನೊಂದು ಸುಪ್ತವಾಗಿದ್ದು ತಡವಾಗಿ ಮೊಳೆಯುವುದು. ಮೊದಲ ಮಳೆಗೆ ಎದ್ದ ಮೊಳಕೆ ಬಿಸಿಲಿಗೆ ಒಣಗಿದರೂ ಎರಡನೆಯದು ನೆಲದಲ್ಲಿ ಉಳಿದಿರುತ್ತದೆ. ಬಿತ್ತನೆಯ ಕಾಳನ್ನೆಲ್ಲ ಒಂದೇ ಮಳೆಗೆ ಬಿತ್ತದೆ ಸ್ವಲ್ಪ ಉಳಿಸಿಕೊಳ್ಳುವ ಒಕ್ಕಲಿಗನ ಮನೆಯ ಮಗುವಿಗೆ ಇದರ ಅರ್ಥ ಬೇಗನೆ ಆಗುತ್ತದೆ.

ವಾಹನವನ್ನು ನೋಡಿ ಪ್ರಯಾಣವನ್ನು ಊಹಿಸುವುದು

ಕಾರಣಗಳು ಸ್ಪಷ್ಟವಾದ ಮೇಲೆ ವಿಧಾನಗಳ ಪಾಠಕ್ಕೆ ಬರಬೇಕು. ಆಗ ಅವು ಬಿಡಿಬಿಡಿಯಾದ ಪಟ್ಟಿಯಾಗಿ ಉಳಿಯುವುದಿಲ್ಲ. ಒಂದೇ ಸಮಸ್ಯೆಗೆ ದೊರೆತ ಬೇರೆಬೇರೆ ಪರಿಹಾರಗಳಾಗಿ ಕಾಣುತ್ತವೆ.

ಎಕ್ಕದ ಕಾಯಿ ಬೇಸಿಗೆಯಲ್ಲಿ ಬಿರಿದಾಗ ಪ್ರತಿ ಬೀಜದ ಒಂದು ತುದಿಗೆ ರೇಷ್ಮೆಯಂತಹ ಕೂದಲ ಗೊಂಡೆ ಇರುತ್ತದೆ. ಅದು ಬೀಜವು ಬೀಳುವ ವೇಗವನ್ನು ತಗ್ಗಿಸಿ ಗಾಳಿಗೆ ಹೆಚ್ಚು ಹೊತ್ತು ಒಪ್ಪಿಸುತ್ತದೆ. ಹತ್ತಿಯ ಎಳೆಯೂ ಬೀಜದ ಸಿಪ್ಪೆಯ ಮೇಲಿನ ಕೂದಲೇ. ಒಂದೊಂದು ಎಳೆಯೂ ಉದ್ದವಾಗಿ ಬೆಳೆದ ಒಂದೇ ಜೀವಕೋಶ. ಕಾಡುಹತ್ತಿಯಲ್ಲಿ ಈ ಎಳೆಗಳು ಗಿಡ್ಡವಾಗಿರುತ್ತವೆ. ಮನುಷ್ಯನು ತಲೆಮಾರುಗಳಿಂದ ಉದ್ದನೆಯ ಎಳೆಯ ಗಿಡಗಳನ್ನೇ ಆರಿಸುತ್ತ ಬಂದುದರಿಂದ ಅವು ನೂಲಲು ಯೋಗ್ಯವಾದವು. ಸೊಲ್ಲಾಪುರದ ಹತ್ತಿಯ ಚಾದರದ ಮೂಲವೂ ಬೀಜದ ಮೇಲಿನ ಕೂದಲು ಎಂಬುದು ವಿದ್ಯಾರ್ಥಿಗಳಿಗೆ ಬೆರಗಿನ ಸಂಗತಿಯಾಗುತ್ತದೆ.

ಉತ್ತರಾಣಿ ಮತ್ತು ಮರುಳುಮತ್ತಿಗಳು ಕೊಕ್ಕೆ, ಮುಳ್ಳುಗಳಿಂದ ಕುರಿಯ ಉಣ್ಣೆಗೂ ಬಟ್ಟೆಗೂ ಅಂಟುತ್ತವೆ. ನೆಗ್ಗಿನಮುಳ್ಳು ಪಾದಕ್ಕೂ ಸೈಕಲ್ಲಿನ ಗಾಲಿಗೂ ಚುಚ್ಚಿಕೊಂಡು ಸಾಗುತ್ತದೆ. ಇವು ಪ್ರಾಣಿಗೆ ಯಾವ ಕೂಲಿಯನ್ನೂ ಕೊಡುವುದಿಲ್ಲ. ಬಾರಿಹಣ್ಣು, ಬೇವಿನಹಣ್ಣು, ಆಲದಹಣ್ಣುಗಳು ತಿರುಳಿನ ರೂಪದಲ್ಲಿ ಕೂಲಿ ಕೊಡುತ್ತವೆ. ಕಾಯಿ ಹಸಿಯಿದ್ದಾಗ ಒಗರು, ಬಲಿತಾಗ ಸಿಹಿ ಏಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಬೀಜವು ಬಲಿಯುವ ಮೊದಲೇ ಹಣ್ಣನ್ನು ತಿಂದರೆ ಪ್ರಯಾಣವು ವ್ಯರ್ಥ. ಜಾಲಿಕಾಯನ್ನು ಆಡು ತಿಂದಾಗ ಹಲವು ಬೀಜಗಳು ನಾಶವಾಗುತ್ತವೆ. ಗಟ್ಟಿ ಸಿಪ್ಪೆಯ ಕೆಲವು ಪಾರಾಗಿ, ದೊಡ್ಡಿಯ ಗೊಬ್ಬರದೊಡನೆ ಹೊಲ ಸೇರುತ್ತವೆ.

ನೀರಿನಿಂದ ಪ್ರಸರಣಕ್ಕೆ ಸಮುದ್ರವೇ ಬೇಕಾಗಿಲ್ಲ. ಬೋರಿ, ಭೀಮಾ ನದಿಗಳಿಗೆ ನೀರು ಬಂದಾಗ ದಂಡೆಯ ಮರುಳುಮತ್ತಿಯ ಕಾಯಿಗಳು ತೇಲಿಹೋಗುತ್ತವೆ. ಒಂದೇ ಕಾಯಿ ಕುರಿಯ ಮೈಮೇಲೂ ಸಾಗಬಲ್ಲದು, ನೀರಿನ ಮೇಲೂ ಸಾಗಬಲ್ಲದು. ನಾಲ್ಕು ಶೀರ್ಷಿಕೆಗಳು ನಾವು ಕಲಿಕೆಯ ಅನುಕೂಲಕ್ಕಾಗಿ ಮಾಡಿಕೊಂಡವು. ಗಿಡಗಳು ಅವನ್ನು ಪಾಲಿಸಬೇಕೆಂದಿಲ್ಲ ಎಂಬುದನ್ನು ಈ ಉದಾಹರಣೆಯಿಂದ ಮನಗಾಣಿಸಬೇಕು.

ಹೊರಟು ಹೋಗದ ಬೀಜಗಳು: ಜೋಳ ಮತ್ತು ಶೇಂಗಾ

ನಿಯಮವನ್ನು ಚೆನ್ನಾಗಿ ಅರಿಯಲು ಅದಕ್ಕೆ ಹೊರತಾದುದನ್ನು ನೋಡಬೇಕು. ಈ ಸೀಮೆಯ ಮುಖ್ಯ ಬೆಳೆಯಾದ ಹಿಂಗಾರಿ ಜೋಳವೇ ಅಂತಹ ಉದಾಹರಣೆ. ಎರೆ ಹೊಲದಲ್ಲಿ ಮಾಲದಂಡಿ ಜೋಳದ ತೆನೆ ಬಲಿತು ಒಣಗಿದರೂ ಕಾಳು ಉದುರುವುದಿಲ್ಲ. ಕೊಯ್ದು, ಕಣಕ್ಕೆ ತಂದು, ರಾಶಿ ಮಾಡಿದಾಗಲೇ ಬೇರ್ಪಡುತ್ತದೆ. ಕಾಡುಜೋಳದಲ್ಲಿ ಹೀಗಿಲ್ಲ. ಅದರ ಕಾಳಿನ ತೊಟ್ಟಿನಲ್ಲಿ ಕಳಚುವ ಪದರವೊಂದು ಬೆಳೆದು, ಬಲಿತ ಕಾಳು ತಾನಾಗಿ ಉದುರುತ್ತದೆ.

ಜೋಳವನ್ನು ಮನುಷ್ಯನು ಸುಮಾರು 5000 ವರ್ಷಗಳ ಹಿಂದೆ ಈಶಾನ್ಯ ಆಫ್ರಿಕಾದಲ್ಲಿ ಬೇಸಾಯಕ್ಕೆ ತಂದನು. ಉದುರಿದ ಕಾಳು ನೆಲದ ಪಾಲು, ತೆನೆಯಲ್ಲಿ ನಿಂತ ಕಾಳು ಒಕ್ಕಲಿಗನ ಪಾಲು. ಮರುವರ್ಷ ಬಿತ್ತನೆಗೆ ಹೋದದ್ದು ತೆನೆಯಲ್ಲಿ ನಿಂತ ಕಾಳೇ. ಹೀಗೆ ತಲೆಮಾರುಗಳು ಕಳೆದಂತೆ ಉದುರದ ಗುಣವೇ ಉಳಿಯಿತು. ಈ ಬದಲಾವಣೆಗೆ ಕಾರಣವಾದ ಜೀನನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿ ಪ್ರಕಟಿಸಿದರು. ಕಾಡಿನಲ್ಲಿ ಇಂತಹ ಗಿಡದ ಸಂತತಿ ಬೇಗ ಅಳಿದುಹೋಗುತ್ತಿತ್ತು. ಹೊಲದಲ್ಲಿ ಅದು ಗೆದ್ದಿತು. ಏಕೆಂದರೆ ಜೋಳದ ಬೀಜವನ್ನು ದೂರ ಒಯ್ದು, ಸಾಲಿಗೆ ಸಾಲು ಅಂತರ ಬಿಟ್ಟು ಬಿತ್ತುವ ಕೆಲಸವನ್ನು ಕೂರಿಗೆ ಹಿಡಿದ ಒಕ್ಕಲಿಗನು ವಹಿಸಿಕೊಂಡನು. ಕೂರಿಗೆಯ ಸಾಲಿನ ನಡುವಣ ಅಂತರಕ್ಕೂ ಎಕ್ಕದ ಬೀಜದ ಗೊಂಡೆಗೂ ಉದ್ದೇಶ ಒಂದೇ ಎಂದು ಹೇಳಿದರೆ ಬೀಜ ಪ್ರಸರಣದ ಅರ್ಥ ಮಗುವಿಗೆ ತನ್ನ ಮನೆಯ ಹೊಲದಲ್ಲಿಯೇ ದೊರೆಯುತ್ತದೆ.

ಶೇಂಗಾ ಇನ್ನೊಂದು ಬಗೆಯದು. ಅದರ ಹೂವು ಮಣ್ಣಿನ ಮೇಲೆ ಅರಳಿ, ಫಲಿತವಾದ ಮೇಲೆ ಮೊನಚಾದ ತೊಟ್ಟೊಂದು ಕೆಳಗಿಳಿದು ಮಣ್ಣನ್ನು ಹೊಕ್ಕು ಅಲ್ಲಿ ಕಾಯಾಗುತ್ತದೆ. ತಾಯಿಯೇ ಬೀಜವನ್ನು ತನ್ನ ಬುಡದಲ್ಲಿ ಹೂಳುತ್ತದೆ. ದೂರ ಹೋಗುವುದರಲ್ಲಿ ಲಾಭದಂತೆ ಅಪಾಯವೂ ಇದೆ: ಹಾರಿದ ಬೀಜಗಳಲ್ಲಿ ಹೆಚ್ಚಿನವು ಬಂಡೆಯ ಮೇಲೋ ರಸ್ತೆಯ ಮೇಲೋ ಬಿದ್ದು ಹಾಳಾಗುತ್ತವೆ. ತಾಯಿ ಬದುಕಿ ತೋರಿಸಿದ ನೆಲವು ಒಮ್ಮೊಮ್ಮೆ ಕಾಣದ ನೆಲಕ್ಕಿಂತ ಉತ್ತಮ. ಪ್ರಕೃತಿಯಲ್ಲಿ ಎರಡೂ ಲೆಕ್ಕಾಚಾರಗಳಿಗೆ ಸ್ಥಾನವಿದೆ.

ಪ್ರಸರಣ ಹೆಚ್ಚಾದಾಗ, ನಿಂತಾಗ

ಕಾಂಗ್ರೆಸ್ ಕಳೆಯೆಂದು ಎಲ್ಲರೂ ಬಲ್ಲ ಪಾರ್ಥೇನಿಯಂ ಅಮೆರಿಕ ಖಂಡದ ಮೂಲದ್ದು. ಭಾರತದಲ್ಲಿ ಅದು ಹರಡಲಾರಂಭಿಸಿದುದು ಪುಣೆಯಲ್ಲಿ 1955ರಲ್ಲಿ ಗಮನಕ್ಕೆ ಬಂದಿತು. ಒಂದೊಂದು ಗಿಡವೂ ಸಾವಿರಾರು ಹಗುರವಾದ ಬೀಜಗಳನ್ನು ಬಿಡುತ್ತದೆ. ಗಾಳಿ, ಮಳೆನೀರು, ವಾಹನದ ಗಾಲಿಯ ಕೆಸರು, ಮೇವು, ಬಿತ್ತನೆಯ ಕಾಳು ಎಲ್ಲವೂ ಅದನ್ನು ಒಯ್ಯುತ್ತವೆ. ತನ್ನ ಮೂಲನೆಲದಲ್ಲಿ ಅದನ್ನು ತಿನ್ನುವ ಕೀಟಗಳನ್ನು ಅದು ಹಿಂದೆ ಬಿಟ್ಟು ಬಂದಿದೆ. ಮೇಲೆ ಹೇಳಿದ ಎರಡನೆಯ ಕಾರಣವೇ ಇಲ್ಲಿ ಖಂಡಾಂತರದ ಪ್ರಮಾಣದಲ್ಲಿ ಕೆಲಸ ಮಾಡಿದೆ. ಬಳ್ಳಾರಿ ಜಾಲಿಯನ್ನು ಮನುಷ್ಯನು ಉರುವಲಿಗೆಂದು ತಂದನು. ಅದರ ಸಿಹಿ ಕಾಯಿ ತಿಂದ ದನಕರುಗಳು ಅದನ್ನು ಬೀಳುಭೂಮಿಯಲ್ಲೆಲ್ಲ ಹರಡಿದವು.

ಇದಕ್ಕೆ ಎದುರಾದ ಚಿತ್ರವೂ ಜಿಲ್ಲೆಯಲ್ಲಿದೆ. ಸೊಲ್ಲಾಪುರದ ಸಮೀಪದ ನಾನ್ನಜದ ಹುಲ್ಲುಗಾವಲನ್ನು ಒಳಗೊಂಡ ಮಾಳಢೋಕ ಅಭಯಾರಣ್ಯವು 1979ರಲ್ಲಿ ಘೋಷಿತವಾಯಿತು. ಮಾಳಢೋಕ ಎಂದರೆ ಕನ್ನಡದ ಎರೆಭೂತ ಹಕ್ಕಿ. ಮಿಡತೆ, ದುಂಬಿಗಳ ಜೊತೆಗೆ ಬಾರಿಹಣ್ಣನ್ನೂ ತಿನ್ನುತ್ತದೆ. ಇಂದು ಈ ಹಕ್ಕಿ ಅಳಿವಿನ ಅಂಚಿನಲ್ಲಿದೆ. ನರಿ, ಹಣ್ಣು ತಿನ್ನುವ ಹಕ್ಕಿಗಳು, ಬಾವಲಿಗಳು ಕಡಿಮೆಯಾದಲ್ಲಿ ಅವುಗಳನ್ನು ನಂಬಿದ ಗಿಡಗಳ ಬೀಜಗಳು ತಾಯಿಯ ಬುಡದಲ್ಲಿಯೇ ಉಳಿಯುತ್ತವೆ. ಮರವನ್ನು ಕಡಿಯದಿದ್ದರೂ ಮರದ ಸಂತತಿ ನಿಲ್ಲಬಹುದು. ಹುಲ್ಲುಗಾವಲು 'ಖಾಲಿ ಬಿದ್ದ ಜಾಗ' ಅಲ್ಲ ಎಂಬ ಅರಿವನ್ನು ಮೂಡಿಸಲು ಇದಕ್ಕಿಂತ ಹತ್ತಿರದ ಪಾಠ ದೊರೆಯುವುದು ಕಷ್ಟ.

ಭಾಷೆಯ ವಿಷಯದಲ್ಲಿ ಎಚ್ಚರ

'ಹರಡು' ಎಂಬ ಕ್ರಿಯಾಪದವು ಕನ್ನಡದಲ್ಲಿ ಅಕರ್ಮಕವೂ ಹೌದು, ಸಕರ್ಮಕವೂ ಹೌದು. 'ಬೀಜ ಹರಡುತ್ತದೆ', 'ಗಿಡ ಬೀಜವನ್ನು ಹರಡುತ್ತದೆ' ಎರಡೂ ಸರಿಯಾದ ವಾಕ್ಯಗಳೇ. ಆದರೆ ಎರಡನೆಯ ವಾಕ್ಯದಿಂದ ಮಗುವು 'ಗಿಡವು ಯೋಚಿಸಿ ಹರಡುತ್ತದೆ' ಎಂಬ ತೀರ್ಮಾನಕ್ಕೆ ಬರುತ್ತದೆ. 'ಹಕ್ಕಿ ತಿನ್ನಲೆಂದು ಗಿಡ ಹಣ್ಣನ್ನು ಸಿಹಿ ಮಾಡುತ್ತದೆ' ಎಂಬ ಉತ್ತರ ಬಂದಾಗ ಅದನ್ನು ತಪ್ಪೆಂದು ಗೀಟೆಳೆಯುವ ಬದಲು, 'ಸಿಹಿಯಾದ ಹಣ್ಣಿನ ಬೀಜಗಳು ಹೆಚ್ಚು ದೂರ ಹೋದುದರಿಂದ ಅಂತಹ ಗಿಡಗಳೇ ಹೆಚ್ಚು ಉಳಿದವು' ಎಂದು ತಿರುಗಿಸಿ ಹೇಳಿಸಬೇಕು. '-ಲೆಂದು' ಎಂಬುದನ್ನು '-ದುದರಿಂದ' ಎಂದು ಬದಲಿಸುವ ಈ ಸಣ್ಣ ಅಭ್ಯಾಸವು ಮುಂದಿನ ತರಗತಿಗಳ ಜೀವವಿಕಾಸದ ಪಾಠಕ್ಕೆ ಅಡಿಪಾಯ.

ಹೆಸರುಗಳ ವಿಷಯದಲ್ಲಿಯೂ ಔದಾರ್ಯ ಬೇಕು. ಜಾಲಿಯನ್ನು ಬಾಭೂಳ, ಎಕ್ಕವನ್ನು ರುಯಿ, ಉತ್ತರಾಣಿಯನ್ನು ಆಘಾಡಾ, ಆಲವನ್ನು ವಡ, ಕಾಂಗ್ರೆಸ್ ಕಳೆಯನ್ನು ಗಾಜರ ಗವತ ಎಂದು ಹೇಳುವ ಮಗುವಿಗೆ ಗಿಡವು ಗೊತ್ತಿದೆ. ಗೊತ್ತಿಲ್ಲದಿರುವುದು ಒಂದು ಹೆಸರು ಮಾತ್ರ. ಮನೆಯ ಹೆಸರು, ಮರಾಠಿ ಹೆಸರು, ಪುಸ್ತಕದ ಹೆಸರು ಮೂರನ್ನೂ ಫಲಕದ ಮೇಲೆ ಬರೆದು ಹೊಂದಿಸಬೇಕು.

ಚಟುವಟಿಕೆಗಳು

1. ಎರಡು ಡಬ್ಬಿಗಳಲ್ಲಿ ಒಂದೇ ಮಣ್ಣು ತುಂಬಿ, ಒಂದರಲ್ಲಿ 50 ಜೋಳದ ಕಾಳು, ಇನ್ನೊಂದರಲ್ಲಿ 5 ಕಾಳು ಬಿತ್ತಿಸಬೇಕು. ಸಮನಾಗಿ ನೀರು ಹಾಕಿ, ಮೂರು ವಾರಗಳ ಅನಂತರ ಸಸಿಗಳ ಎತ್ತರ, ಎಲೆಗಳ ಸಂಖ್ಯೆ, ಕಾಂಡದ ದಪ್ಪವನ್ನು ಹೋಲಿಸಿ ಬರೆಯಿಸಬೇಕು.

2. ಬೇವಿನ ಮರದ ಬುಡದಿಂದ ದಾರ ಹಿಡಿದು 1, 3, 5, 10 ಮೀಟರ್ ದೂರಗಳಲ್ಲಿ ಒಂದೊಂದು ಚದರ ಮೀಟರಿನ ಚೌಕ ಗುರುತಿಸಿ, ಜೂನ್-ಜುಲೈನಲ್ಲಿ ಬೀಜ ಮತ್ತು ಮೊಳಕೆಗಳನ್ನು ಎಣಿಸಬೇಕು. ಅದೇ ಚೌಕಗಳನ್ನು ಅಕ್ಟೋಬರಿನಲ್ಲಿ ಮತ್ತೊಮ್ಮೆ ಎಣಿಸಿ ಸ್ತಂಭನಕ್ಷೆ ಬರೆಯಬೇಕು.

3. ಕೆರೆಯಂಚಿನ ಒಂದು ಲೋಟ ಕೆಸರನ್ನು ಅಗಲವಾದ ಪಾತ್ರೆಯಲ್ಲಿ ಹರಡಿ ತೇವವಾಗಿಟ್ಟು, ಗಾಳಿಯಿಂದ ಹೊಸ ಬೀಜ ಬೀಳದಂತೆ ತೆಳುಬಟ್ಟೆ ಮುಚ್ಚಿ, ಮೊಳೆತ ಸಸಿಗಳನ್ನು ಎಣಿಸಿ ಕಿತ್ತುಹಾಕುತ್ತ ಹೋಗಬೇಕು. ಚಾರ್ಲ್ಸ್ ಡಾರ್ವಿನ್ ಕೊಳವೊಂದರ ಅಂಚಿನಿಂದ ಮೂರು ಚಮಚ ಕೆಸರು ತಂದು ಆರು ತಿಂಗಳು ಹೀಗೆಯೇ ಎಣಿಸಿ 537 ಸಸಿಗಳನ್ನು ಕಂಡನು; ನೀರುಹಕ್ಕಿಯ ಕಾಲಿಗಂಟಿದ ಕೆಸರು ಎಷ್ಟು ಬೀಜಗಳನ್ನು ಒಯ್ಯಬಲ್ಲದೆಂಬುದನ್ನು ತೋರಿಸಲು 1859ರ ತನ್ನ ಗ್ರಂಥದಲ್ಲಿ ಇದನ್ನು ಬರೆದನು.

4. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದ ವಿದ್ಯಾರ್ಥಿಗಳು ಹಿಂತಿರುಗಿದ ಮೇಲೆ ತಮ್ಮ ಬಟ್ಟೆಗೆ ಅಂಟಿದ ಕಾಳುಗಳನ್ನೆಲ್ಲ ಕಾಗದಕ್ಕೆ ಅಂಟಿಸಿ ತರಲಿ. ಪ್ರತಿಯೊಂದರ ಪಕ್ಕದಲ್ಲಿ, ಅದು ಎಲ್ಲಿ ಅಂಟಿತು, ಎಷ್ಟು ದೂರ ಬಂದಿತು ಎಂದು ಬರೆಯಲಿ.

ಶಿಕ್ಷಕರು ಗಮನಿಸತಕ್ಕ ಅಂಶಗಳು: ಎಕ್ಕದ ಹಾಲು ಕಣ್ಣಿಗೆ ಅಪಾಯಕರವಾದುದರಿಂದ ಹಸಿ ಕಾಯನ್ನು ಮಕ್ಕಳಿಂದ ಕೀಳಿಸಬಾರದು, ಒಣಗಿ ಬಿರಿದ ಕಾಯನ್ನು ಶಿಕ್ಷಕರೇ ತರಬೇಕು. ಔಡಲ, ಗುಲಗಂಜಿ, ಮರುಳುಮತ್ತಿಗಳ ಬೀಜಗಳು ವಿಷಯುಕ್ತ. ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಕಾಂಗ್ರೆಸ್ ಕಳೆಯನ್ನು ಮುಟ್ಟಿಸಬಾರದು. ಅದು ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತದೆ.

ಮೌಲ್ಯಮಾಪನ

ಪ್ರಸರಣದ ವಿಧಾನಗಳನ್ನು ಪಟ್ಟಿ ಮಾಡಿಸುವ ಪ್ರಶ್ನೆಯ ಬದಲು ಕೆಳಗಿನಂತಹ ಪ್ರಶ್ನೆಗಳನ್ನು ಕೇಳಬಹುದು.

ಅ. ಗುರುತು ಸಿಗದ ಒಂದು ಬೀಜವನ್ನು ಕೊಡಲಾಗಿದೆ. ಅದು ಹೇಗೆ ಸಾಗುತ್ತದೆಂದು ನೀನು ಊಹಿಸುವೆ? ನಿನ್ನ ಊಹೆಗೆ ಬೀಜದ ಯಾವ ಭಾಗ ಆಧಾರ?

ಆ. ಜೋಳದ ಕಾಳು ಬಲಿತೊಡನೆ ಉದುರುವಂತಿದ್ದರೆ ಒಕ್ಕಲಿಗನಿಗೆ ಏನಾಗುತ್ತಿತ್ತು? ಜೋಳದ ಗಿಡಕ್ಕೆ ಏನಾಗುತ್ತಿತ್ತು?

ಇ. ಒಂದೂರಿನಲ್ಲಿ ಬಾರಿಯ ಗಿಡಗಳಿವೆ. ಹಣ್ಣು ತಿನ್ನುವ ಹಕ್ಕಿಯೂ ನರಿಯೂ ಇಲ್ಲ. ಐವತ್ತು ವರ್ಷಗಳ ಅನಂತರ ಅಲ್ಲಿ ಏನನ್ನು ಕಾಣಬಹುದು?

ಈ. ಶೇಂಗಾ ಗಿಡವು ಬೀಜವನ್ನು ತನ್ನ ಬುಡದಲ್ಲಿಯೇ ಹೂಳುತ್ತದೆ. ಇದರಿಂದ ಆಗುವ ಒಂದು ಲಾಭವನ್ನೂ ಒಂದು ನಷ್ಟವನ್ನೂ ಬರೆ.

ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿವೆ. ಉತ್ತರದೊಡನೆ ವಿದ್ಯಾರ್ಥಿಯು ಕಾರಣವನ್ನೂ ಕೊಟ್ಟಿದ್ದಾನೆಯೇ, ಆ ಕಾರಣವು ಅವನು ಕಂಡ ಗಿಡಕ್ಕೆ ಹೊಂದುತ್ತದೆಯೇ ಎಂಬುದನ್ನು ನೋಡಿ ಅಂಕ ಕೊಡತಕ್ಕದ್ದು.